ಪೊಟ್ಟಣ ಬಿಚ್ಚಿದ ಮೇಲೆ

ಔಷಧಿ ಅಂಗಡಿಯಲ್ಲಿ ಮಾತ್ರೆಗೆ ಇರುವ ಮರ್ಯಾದೆ ಪುಡಿಗೆ ಇಲ್ಲ. ಮಿರಮಿರ ಫಾಯಿಲ್‌ನೊಳಗೆ ಸಾಲಾಗಿ ಕುಳಿತ ಮಾತ್ರೆ ಎಂದರೆ ದೊಡ್ಡ ಡಾಕ್ಟರ ಔಷಧಿ. ಪುಡಿ ಎಂದರೆ ಒಂದೋ ನಾಟಿ ಮದ್ದು, ಇಲ್ಲವೇ ಹೋಮಿಯೋಪತಿ, ಅದೂ ಅಲ್ಲದಿದ್ದರೆ ಮದುವೆಮನೆ ಊಟದ ಮಾರನೆಯ ದಿನ ನೀರಿಗೆ ಹಾಕಿಕೊಂಡು ಗುಳುಗುಳು ಅನ್ನಿಸಿ ಕುಡಿಯುವ ಉಪ್ಪು. ಆದರೆ ಅದೇ ಅಂಗಡಿಯ ಕಪಾಟುಗಳನ್ನು ಸ್ವಲ್ಪ ನಿಧಾನವಾಗಿ ನೋಡಿ. ಮಕ್ಕಳ ಆಂಟಿಬಯಾಟಿಕ್ ಬಾಟಲಿಯ ತಳದಲ್ಲಿರುವುದು ಒಣ ಪುಡಿ. ಭೇದಿಗೆ ಕೊಡುವ ಓಆರ್‌ಎಸ್ ಪುಡಿ. ವಾರಕ್ಕೊಂದರಂತೆ ಹಾಲಿಗೆ ಬೆರೆಸಿ ಕುಡಿಯಿರಿ ಎಂದು ಬರೆದುಕೊಡುವ ವಿಟಮಿನ್ ಡಿ ಸ್ಯಾಶೆಯಲ್ಲಿ ಇರುವುದು ಹರಳುಹರಳಾದ ಗ್ರ್ಯಾನ್ಯೂಲ್. ಇಸಬ್‌ಗೋಲ್, ತ್ರಿಫಲಾ ಚೂರ್ಣ, ಕೊಲೊನೋಸ್ಕೋಪಿಯ ಹಿಂದಿನ ದಿನ ಲೀಟರುಗಟ್ಟಲೆ ನೀರಿನಲ್ಲಿ ಕದಡಿ ಕುಡಿಯುವ ಪುಡಿ, ಆಸ್ಪತ್ರೆಯಲ್ಲಿ ನೀರು ಸೇರಿಸಿ ಸಿರಿಂಜಿಗೆ ಎಳೆದುಕೊಳ್ಳುವ ಪೆನಿಸಿಲಿನ್ ವಯಲ್, ಎಲ್ಲವೂ ಅದೇ ಕುಲ. ಮಾತ್ರೆಯೂ ಪರಕೀಯವೇನಲ್ಲ. 1843ರಲ್ಲಿ ವಿಲಿಯಂ ಬ್ರಾಕಿಡನ್ ಎಂಬ ಇಂಗ್ಲಿಷ್ ಚಿತ್ರಕಾರ ಪುಡಿಯನ್ನು ಅಚ್ಚಿನಲ್ಲಿಟ್ಟು ಒತ್ತುವ ಯಂತ್ರಕ್ಕೆ ಪೇಟೆಂಟ್ ಪಡೆದ. ಪೆನ್ಸಿಲ್‌ನ ಸೀಸಕ್ಕೂ ಔಷಧಿಗೂ ಅವನದು ಒಂದೇ ಉಪಾಯ. ಇಂದಿನ ಮಾತ್ರೆ ಆ ಒತ್ತಿದ ಪುಡಿಯ ವಂಶದ್ದು.

ಹಾಗಿದ್ದರೆ ವ್ಯತ್ಯಾಸವೇನು? ಮಾತ್ರೆ ಕಾರ್ಖಾನೆಯ ಗೇಟು ದಾಟುವಾಗಲೇ ಮುಗಿದ ಕೆಲಸ. ಪುಡಿ ಮುಗಿಯದ ಕೆಲಸ. ಅದನ್ನು ಅಳೆಯಬೇಕು, ನೀರು ಹಾಕಬೇಕು, ಕಲಕಬೇಕು. ಔಷಧಿ ತಯಾರಿಕೆಯ ಕೊನೆಯ ಹಂತ ನಡೆಯುವುದು ಅಡುಗೆಮನೆಯಲ್ಲಿ. ಅದನ್ನು ಮಾಡುವವರು ಔಷಧಶಾಸ್ತ್ರ ಓದದ ತಾಯಿ, ಅಜ್ಜ, ಹೋಂ ನರ್ಸ್. ಪುಡಿಯ ಪರವಾಗಿ ಹೇಳಬಹುದಾದ ಬಹುತೇಕ ಮಾತುಗಳು ಹುಟ್ಟುವುದು ಈ ಮುಗಿಯದಿರುವಿಕೆಯಿಂದ. ವಿರುದ್ಧವಾಗಿ ಹೇಳಬಹುದಾದವೂ ಅಲ್ಲಿಂದಲೇ.

ಮೊದಲು ಪರವಾಗಿ. ಬಹಳಷ್ಟು ಔಷಧಿಗಳಿಗೆ ನೀರೇ ವೈರಿ. ಅಮಾಕ್ಸಿಸಿಲಿನ್, ಕ್ಲಾವುಲನೇಟ್, ಸೆಫಲೋಸ್ಪೋರಿನ್‌ಗಳ ಅಣುವಿನ ನಡುವೆ ನಾಲ್ಕು ಮೂಲೆಯ ಒಂದು ಬಿಗಿಯಾದ ಉಂಗುರವಿದೆ. ಬ್ಯಾಕ್ಟೀರಿಯವನ್ನು ಕೊಲ್ಲುವ ಶಕ್ತಿ ಆ ಬಿಗಿಯಲ್ಲೇ ಇರುವುದು. ನೀರು ತಗುಲಿದರೆ ಉಂಗುರ ಒಡೆದುಕೊಳ್ಳುವುದೂ ಅದೇ ಬಿಗಿಯ ದೆಸೆಯಿಂದ. ಅಮಾಕ್ಸಿಸಿಲಿನ್ ಕ್ಲಾವುಲನೇಟ್ ಜೋಡಿ ಪುಡಿಯಾಗಿ ಮುಚ್ಚಳದೊಳಗೆ ಬಹುಕಾಲ ಬಾಳುತ್ತದೆ. ನೀರು ಬೆರೆಸಿದ ಮೇಲೆ ಫ್ರಿಜ್‌ನಲ್ಲಿಟ್ಟರೂ ಅದರ ಆಯಸ್ಸು 7 ದಿನ. ಇಂಥ ಔಷಧಿಯನ್ನು ಕಾರ್ಖಾನೆಯಲ್ಲೇ ಸಿರಪ್ ಮಾಡಿ ಲಾರಿಗೆ ಹೇರಿದರೆ, ಬೀದರಿನ ಬಿಸಿಲಿನಲ್ಲಿ ಗೋದಾಮು ಸೇರಿ ಅಲ್ಲಿಂದ ಹಳ್ಳಿಯ ಅಂಗಡಿ ತಲುಪುವ ಹೊತ್ತಿಗೆ ಬಣ್ಣ ಮತ್ತು ಸಕ್ಕರೆಯಷ್ಟೇ ಉಳಿದಿರುತ್ತದೆ. ನೀರನ್ನು ಕೊನೆಯ ಗಳಿಗೆಯವರೆಗೆ ದೂರ ಇಡುವುದು ಇಲ್ಲಿ ಅನಿವಾರ್ಯ. ಬೆಂಗಳೂರಿನ ಪೀಣ್ಯದಲ್ಲಿರುವ ಸರ್ಕಾರಿ ಒಡೆತನದ ಕರ್ನಾಟಕ ಆಂಟಿಬಯಾಟಿಕ್ಸ್ ಸಂಸ್ಥೆ ಇಂಜೆಕ್ಷನ್ನುಗಳನ್ನು ಒಣ ಪುಡಿಯ ವಯಲ್‌ಗಳಲ್ಲಿ ತುಂಬಿ ಕಳಿಸುವುದೂ ಇದೇ ಲೆಕ್ಕದ ಮೇಲೆ.

ಎರಡನೆಯ ಕಾರಣವನ್ನು ಔಷಧಿಯ ಚರಿತ್ರೆ ಬಹಳ ದುಬಾರಿ ಬೆಲೆ ತೆತ್ತು ಕಲಿಸಿದೆ. 1937ರ ಅಮೆರಿಕದಲ್ಲಿ ಸಲ್ಫನಿಲಮೈಡ್ ಹೊಸ ಪವಾಡ. ಮಾತ್ರೆಯಾಗಿ, ಪುಡಿಯಾಗಿ ಅದು ಬಳಕೆಯಲ್ಲಿತ್ತು. ಮಕ್ಕಳಿಗೆ ಕುಡಿಯಲು ಸಿಹಿಯಾದ ದ್ರವ ಬೇಕೆಂಬ ಬೇಡಿಕೆ ಬಂದಾಗ ಒಂದು ಕಂಪನಿಯ ರಸಾಯನತಜ್ಞ ಅದನ್ನು ಡೈಎಥಿಲೀನ್ ಗ್ಲೈಕಾಲ್‌ನಲ್ಲಿ ಕರಗಿಸಿದ. ಔಷಧಿ ಕರಗಿತು, ರುಚಿಯೂ ಚೆನ್ನಾಗಿತ್ತು, 100ಕ್ಕೂ ಹೆಚ್ಚು ಜನ ಮೂತ್ರಪಿಂಡ ಕೆಟ್ಟು ಸತ್ತರು. ಸಲ್ಫನಿಲಮೈಡ್‌ದು ತಪ್ಪಿಲ್ಲ, ಅದನ್ನು ಹೊತ್ತ ದ್ರವದ್ದು. ಅದೇ ವಿಷ 1986ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಗ್ಲಿಸರಿನ್ ಮೂಲಕ 14 ಜನರನ್ನು ಕೊಂದಿತು. 2022ರಲ್ಲಿ ಗ್ಯಾಂಬಿಯಾದ ಸುಮಾರು 70 ಮಕ್ಕಳ ಸಾವಿನ ಹಿಂದೆ ಭಾರತದಲ್ಲಿ ತಯಾರಾದ ಸಿರಪ್‌ಗಳ ಹೆಸರು ಬಂತು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಕೆಮ್ಮಿನ ಸಿರಪ್ ಕುಡಿದ 20ಕ್ಕೂ ಹೆಚ್ಚು ಮಕ್ಕಳು ತೀರಿಕೊಂಡರು. ಸಿರಪ್‌ಗೆ ದಪ್ಪ, ಸಿಹಿ, ಕರಗಿಸುವ ಗುಣ ಕೊಡುವ ದ್ರಾವಕ ಬೇಕು. ಆ ದ್ರಾವಕವನ್ನು ಅಗ್ಗಕ್ಕೆ ಕೊಂಡವನ ಕೈಯಲ್ಲಿ ಈ ದಾರಿ ತೆರೆದುಕೊಳ್ಳುತ್ತದೆ. ಪುಡಿಯಲ್ಲಿ ಈ ದಾರಿಯೇ ಇಲ್ಲ. ಅದರ ದ್ರಾವಕ ಮನೆಯಲ್ಲಿ ಕುದಿಸಿ ಆರಿಸಿದ ನೀರು. ಪುಡಿಯ ಪರ ವಾದಿಸುವವರು ಇದನ್ನು ಯಾಕೆ ಇನ್ನೂ ಜೋರಾಗಿ ಹೇಳುವುದಿಲ್ಲವೋ ನನಗೆ ಅರ್ಥವಾಗಿಲ್ಲ.

ಗಾತ್ರದ ಪ್ರಶ್ನೆ ಸರಳ. ಒಂದು ಗ್ರಾಂ ಮೀರಿದ ಮಾತ್ರೆ ಗಂಟಲಿಗೆ ಶತ್ರು. ಕ್ಷಯಕ್ಕೆ ಕೊಡುತ್ತಿದ್ದ ಪಾಸ್ ಔಷಧಿ ದಿನಕ್ಕೆ 8ರಿಂದ 12 ಗ್ರಾಂ ಬೇಕು. ಅದನ್ನು ಮಾತ್ರೆಯಾಗಿ ನುಂಗುವುದೆಂದರೆ ಮುಷ್ಟಿಗಟ್ಟಲೆ; ಆಮ್ಲ ತಾಗದಂತೆ ಲೇಪ ಹಚ್ಚಿದ 4 ಗ್ರಾಂನ ಗ್ರ್ಯಾನ್ಯೂಲ್ ಸ್ಯಾಶೆಯಾಗಿ ಮೊಸರಿನ ಜೊತೆ ಸಲೀಸು. ಇಂಥ ಕಡೆ ಚರ್ಚೆಗೇ ಜಾಗವಿಲ್ಲ.

ಇನ್ನು ವಿರುದ್ಧವಾಗಿ. ಡ್ರೈ ಸಿರಪ್ ಬಾಟಲಿಯೊಂದನ್ನು ಕೈಗೆತ್ತಿಕೊಳ್ಳಿ. ಡಬ್ಬಿಯೊಳಗೆ ಬಾಟಲಿ, ಪಕ್ಕದಲ್ಲಿ ಪ್ಲಾಸ್ಟಿಕ್ ಆಂಪ್ಯೂಲಿನಲ್ಲಿ ಶುದ್ಧ ನೀರು, ಒಂದು ಅಳತೆ ಮುಚ್ಚಳ. ಮೊದಲು ಬಾಟಲಿಯನ್ನು ಅಂಗೈಗೆ ತಟ್ಟಿ ತಳಕ್ಕಂಟಿದ ಪುಡಿಯನ್ನು ಸಡಿಲಿಸಬೇಕು. ಇದನ್ನು ಬಿಟ್ಟರೆ ಒಳಗೆ ಒಂದು ಗಟ್ಟಿ ಬಿಲ್ಲೆ ಕೂತುಬಿಡುತ್ತದೆ, ಆಮೇಲೆ ಎಷ್ಟು ಅಲುಗಾಡಿಸಿದರೂ ಕದಲುವುದಿಲ್ಲ. ಆಮೇಲೆ ಅರ್ಧ ನೀರು, ಜೋರಾಗಿ ಕುಲುಕು. ಈಗ ನೊರೆ ಬರುತ್ತದೆ. ನೊರೆ ಇಳಿಯುವವರೆಗೆ ಕಾಯಬೇಕು, ಆಮೇಲೆ ಉಳಿದ ನೀರನ್ನು ಗುರುತಿನ ಗೆರೆಯವರೆಗೆ ಹಾಕಬೇಕು. ರಾತ್ರಿ ಹನ್ನೊಂದಕ್ಕೆ ಕೆಂಡದಂಥ ಜ್ವರದ ಮಗು ಮಡಿಲಲ್ಲಿದ್ದಾಗ ಯಾರು ಕಾಯುತ್ತಾರೆ? ನೊರೆಯನ್ನೇ ಗೆರೆ ಎಂದುಕೊಂಡರೆ ನೀರು ಕಡಿಮೆಯಾಗಿ ಔಷಧಿ ಗಡಸಾಗುತ್ತದೆ. ಆಂಪ್ಯೂಲ್ ಕಳೆದುಹೋಯಿತೆಂದು ನಲ್ಲಿ ನೀರು ಅಂದಾಜಿನ ಮೇಲೆ ಸುರಿದರೆ ಔಷಧಿ ತೆಳ್ಳಗಾಗುತ್ತದೆ. ಇಷ್ಟೆಲ್ಲ ಸರಿಯಾಗಿ ಮಾಡಿದರೂ ಇದು ದ್ರಾವಣವಲ್ಲ, ನೀರಿನಲ್ಲಿ ತೇಲುವ ಪುಡಿ. ಪ್ರತಿ ಸಲ ಅಲುಗಾಡಿಸದೆ ಕೊಟ್ಟರೆ ಮೊದಲ ಮೂರು ದಿನ ಮಗುವಿಗೆ ಸಪ್ಪೆ ನೀರು, ಕೊನೆಯ ದಿನ ತಳದ ಗಸಿ. ಐದನೆಯ ದಿನಕ್ಕೆ ಜ್ವರ ಬಿಟ್ಟಿತೆಂದು ಬಾಟಲಿಯನ್ನು ಫ್ರಿಜ್‌ನ ಬಾಗಿಲಲ್ಲಿ ಮರೆತು, ಎರಡು ತಿಂಗಳ ನಂತರ ಅದೇ ಬಾಟಲಿಯಿಂದ ತಂಗಿಗೂ ಕೊಡುವುದು ನಮ್ಮಲ್ಲಿ ಹೊಸತಲ್ಲ. ಡಬ್ಬಿಯ ಮೇಲಿನ ಎಕ್ಸ್‌ಪೈರಿ ತಾರೀಕು ಪುಡಿಯದ್ದು, ನೀರು ಹಾಕಿದ ಮೇಲಿನದ್ದಲ್ಲ ಎಂದು ಕೌಂಟರಿನಲ್ಲಿ ಬಿಡಿಸಿ ಹೇಳುವವರು ಅಪರೂಪ. ಬಾಟಲಿಯ ಮೇಲೆ ಪೆನ್ನಿನಲ್ಲಿ ಬೆರೆಸಿದ ದಿನ ಬರೆದುಕೊಟ್ಟರೆ ಸಾಕು, ಅದಕ್ಕೂ ಬಿಡುವಿಲ್ಲ.

ಅಳತೆಯ ಈ ಗೊಂದಲ ಹಳೆಯದು. ಹಿಂದಿನ ತಲೆಮಾರಿನ ಡಾಕ್ಟರ ಶಾಪಿನಲ್ಲಿ ಪರದೆಯ ಹಿಂದೆ ಒಬ್ಬ ಕಾಂಪೌಂಡರ್ ಇರುತ್ತಿದ್ದ. ಚೀಟಿ ನೋಡಿ ಕಲ್ಲಿನ ಖಲ್ಲಿನಲ್ಲಿ ಮಾತ್ರೆಗಳನ್ನು ನುರಿದು, ಬಿಳಿ ಕಾಗದದ ಚೂರುಗಳನ್ನು ಮೇಜಿನ ಮೇಲೆ ಸಾಲಾಗಿ ಹಾಸಿ, ಚಾಕುವಿನ ಅಲಗಿನಿಂದ ಪುಡಿಯ ಗುಡ್ಡೆಯನ್ನು ಮೊದಲು ಎರಡು, ಆಮೇಲೆ ನಾಲ್ಕು, ಆಮೇಲೆ ಎಂಟು ಪಾಲು ಮಾಡುತ್ತಿದ್ದ. ಒಂದೊಂದು ಕಾಗದವನ್ನೂ ಉದ್ದಕ್ಕೆ ಎರಡು ಮಡಿಕೆ ಮಡಚಿ, ತುದಿಗಳನ್ನು ಒಂದರೊಳಗೊಂದು ಸಿಕ್ಕಿಸಿದರೆ ಪೊಟ್ಟಣ. ಏಳು ಕೆಜಿಯ ಮಗುವಿಗೆ ಏಳು ಕೆಜಿಯ ಪ್ರಮಾಣ, ಹನ್ನೊಂದು ಕೆಜಿಯ ಮಗುವಿಗೆ ಅದರದ್ದೇ ಪ್ರಮಾಣ. ಇಂದು ‘ವ್ಯಕ್ತಿಗೆ ತಕ್ಕ ಚಿಕಿತ್ಸೆ’ ಎಂದು ಸೆಮಿನಾರು ಮಾಡುವವರ ಕನಸು ಆ ಪರದೆಯ ಹಿಂದೆ ತಕ್ಕಮಟ್ಟಿಗೆ ನಡೆದುಹೋಗುತ್ತಿತ್ತು. ಆದರೆ ಪಾಲು ಮಾಡಿದ್ದು ಕಣ್ಣಳತೆಯಲ್ಲಿ. ಪೊಟ್ಟಣದ ಮೇಲೆ ಹೆಸರಿಲ್ಲ, ತಾರೀಕಿಲ್ಲ, ಒಳಗೆ ಏನಿದೆಯೆಂದು ರೋಗಿಗೆ ತಿಳಿಯುವ ದಾರಿಯಿಲ್ಲ. ಕೀಲುನೋವಿಗೆ, ಉಬ್ಬಸಕ್ಕೆ ‘ಗ್ಯಾರಂಟಿ’ ಪುಡಿ ಕೊಡುವವರ ಪೊಟ್ಟಣಗಳಲ್ಲಿ ಸ್ಟೀರಾಯ್ಡ್ ಸಿಕ್ಕಿಬಿದ್ದಿರುವುದು ಒಂದೆರಡು ಸಲವಲ್ಲ. ಮೂರೇ ದಿನಕ್ಕೆ ನೋವು ಮಾಯವಾಗುವ ಪುಡಿಯ ಗುಟ್ಟು ಮುಖ ಊದಿ, ಸಕ್ಕರೆ ಏರಿ, ಮೂಳೆ ಟೊಳ್ಳಾದ ಮೇಲೆ ಹೊರಬೀಳುತ್ತದೆ. ಮಾತ್ರೆಗೆ ಬಣ್ಣವಿದೆ, ಆಕಾರವಿದೆ, ಸ್ಟ್ರಿಪ್ಪಿನ ಬೆನ್ನ ಮೇಲೆ ಕುಲಗೋತ್ರ ಅಚ್ಚಾಗಿದೆ. ಬಿಳಿ ಪುಡಿಗೆ ಬಿಳಿ ಪುಡಿಯದ್ದೇ ಮುಖ. ಆ ಕಾಂಪೌಂಡರನನ್ನು ನೆನೆದು ನಿಟ್ಟುಸಿರು ಬಿಡುವವರ ಸಾಲಿನಲ್ಲಿ ನಾನು ಪೂರ್ತಿಯಾಗಿ ನಿಲ್ಲಲಾರೆ.

ವೇಗವೂ ಹಾಗೆಯೇ, ಎರಡು ಅಲಗಿನದು. ಮಾತ್ರೆ ಹೊಟ್ಟೆಯಲ್ಲಿ ಮೊದಲು ಒಡೆಯಬೇಕು, ಆಮೇಲೆ ಕರಗಬೇಕು. ಪುಡಿ ಒಡೆಯುವ ಹಂತವನ್ನು ಹಾರಿ ಮುಂದೆ ಹೋಗುತ್ತದೆ. ಕಣ ಚಿಕ್ಕದಾದಷ್ಟೂ ಕರಗುವಿಕೆ ಚುರುಕು. ಹುಳುಕಡ್ಡಿಗೆ ಕೊಡುವ ಗ್ರೈಸಿಯೋಫಲ್ವಿನ್ ನೀರಿನಲ್ಲಿ ಕರಗಲು ಒಲ್ಲದ ಔಷಧಿ. ಅದರ ಕಣಗಳನ್ನು ಅತಿ ನುಣ್ಣಗೆ ಅರೆದಾಗ ಬೇಕಾದ ಪ್ರಮಾಣ ಸರಿಸುಮಾರು ಅರ್ಧಕ್ಕಿಳಿಯಿತು. ಬರಿಯ ಅರೆತದಿಂದ ಇಷ್ಟು ಲಾಭ! ಆದರೆ ಆಸ್ಟ್ರೇಲಿಯಾದಲ್ಲಿ ಈ ಚುರುಕುತನವೇ ಒಂದು ತಲೆಮಾರಿಗೆ ಚಟವಾಯಿತು. ಬೆಕ್ಸ್, ವಿನ್ಸೆಂಟ್ಸ್ ಎಂಬ ತಲೆನೋವಿನ ಪುಡಿಗಳಲ್ಲಿ ಆಸ್ಪಿರಿನ್, ಫೆನಾಸೆಟಿನ್, ಕೆಫೀನ್ ಇದ್ದವು. ಮಡಚಿದ ಕಾಗದದ ಪೊಟ್ಟಣ ಬಿಚ್ಚಿ, ನಾಲಿಗೆಯ ಮೇಲೆ ಸುರಿದುಕೊಂಡು, ಮೇಲೆ ಒಂದು ಗುಟುಕು ಚಹಾ. ಎಷ್ಟೋ ಗೃಹಿಣಿಯರಿಗೆ ಅದು ದಿನಕ್ಕೆ ಹಲವು ಸಲದ ರೂಢಿ. ಮೆಲ್ಬರ್ನಿನ ವೈದ್ಯೆ ಪ್ರಿಸಿಲ್ಲಾ ಕಿನ್‌ಕೇಡ್ ಸ್ಮಿತ್ ಮೊದಲಾದವರು ಈ ಪುಡಿಗಳಿಗೂ ಮೂತ್ರಪಿಂಡ ಕೆಡುವುದಕ್ಕೂ ಇರುವ ನಂಟನ್ನು ಎತ್ತಿ ತೋರಿಸಿದ ಮೇಲೆ, 1970ರ ದಶಕದಲ್ಲಿ ಫೆನಾಸೆಟಿನ್ ತೆಗೆದುಹಾಕಲಾಯಿತು, ಮುಕ್ತ ಮಾರಾಟಕ್ಕೆ ಕಡಿವಾಣ ಬಿತ್ತು. ನ್ಯಾಯವಾಗಿ ಹೇಳಬೇಕೆಂದರೆ ಅಪರಾಧಿ ಫೆನಾಸೆಟಿನ್, ಪುಡಿಯಲ್ಲ. ಅದೇ ಮಿಶ್ರಣ ಮಾತ್ರೆಯಾಗಿಯೂ ಹಾನಿ ಮಾಡಿದೆ. ಆದರೂ ಔಷಧಿಯೊಂದು ಚಹಾದ ಜೊತೆಗಿನ ತಿನಿಸಿನಂತೆ ಆಗಿಬಿಡಲು ಪುಡಿಯ ರೂಪ ನೆರವಾಗಲಿಲ್ಲ ಎಂದು ಹೇಳಲು ನನಗೆ ನಾಲಿಗೆ ಬರುವುದಿಲ್ಲ.

ನಮ್ಮಲ್ಲಿ ಅದರ ಸೌಮ್ಯ ಆವೃತ್ತಿ ವಿಟಮಿನ್ ಡಿ ಸ್ಯಾಶೆ. ಒಂದು ಗ್ರಾಂ ಗ್ರ್ಯಾನ್ಯೂಲಿನಲ್ಲಿ 60,000 ಯೂನಿಟ್. ವಾರಕ್ಕೊಂದು ಎಂದು ಬರೆದದ್ದನ್ನು ದಿನಕ್ಕೊಂದು ಎಂದುಕೊಂಡು ಹಾಲಿಗೆ ಹಾಕಿಕೊಂಡು ಕುಡಿದು, ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಗೊಂದಲ, ಮೂತ್ರಪಿಂಡದ ತೊಂದರೆಯೆಂದು ಆಸ್ಪತ್ರೆ ಸೇರಿದ ಹಿರಿಯರ ಕತೆ ವೈದ್ಯರಿಗೆ ಅಪರಿಚಿತವಲ್ಲ. ಅಷ್ಟೇ ಪ್ರಮಾಣದ ಕ್ಯಾಪ್ಸೂಲಿನಲ್ಲೂ ಈ ತಪ್ಪು ಆಗುತ್ತದೆ. ಆದರೆ ಹಾಲಿನ ಲೋಟಕ್ಕೆ ಬಿದ್ದದ್ದನ್ನು ನಾವು ಔಷಧಿಯೆಂದು ಅಷ್ಟಾಗಿ ಹೆದರುವುದಿಲ್ಲ. ಇಸಬ್‌ಗೋಲ್‌ನದು ಇನ್ನೊಂದು ಬಗೆ. ಗುಜರಾತಿನ ಊಂಝಾ, ಸಿದ್ಧಪುರದ ಕಡೆಯಿಂದ ಬರುವ ಈ ಹೊಟ್ಟಿನ ಗುಣವೇ ನೀರು ಹೀರಿ ಉಬ್ಬುವುದು. ದೊಡ್ಡ ಲೋಟ ನೀರಿನೊಂದಿಗೆ ಕುಡಿದರೆ ಆ ಉಬ್ಬುವಿಕೆ ಕರುಳಿನಲ್ಲಿ, ಎರಡು ಗುಟುಕಿನಲ್ಲಿ ಮುಗಿಸಿದರೆ ಗಂಟಲಿನಲ್ಲಿ. ನುಂಗಲು ಕಷ್ಟಪಡುವ ಅಜ್ಜಿಗೆ ಮಾತ್ರೆ ಬೇಡ, ಪುಡಿ ಕೊಡಿ ಎನ್ನುವ ಸಲಹೆ ಎಲ್ಲ ಪುಡಿಗೂ ಹೊಂದುವುದಿಲ್ಲ.

ಆಯುರ್ವೇದ ಈ ತಾಪತ್ರಯಗಳನ್ನು ಬಹಳ ಹಿಂದೆಯೇ ಬಲ್ಲದು. ಶಾರ್ಙ್ಗಧರ ಸಂಹಿತೆ ಚೂರ್ಣವನ್ನು ಬಟ್ಟೆಯಲ್ಲಿ ಸೋಸಬೇಕೆನ್ನುತ್ತದೆ. ಚೂರ್ಣದ ವೀರ್ಯ ಎರಡು ತಿಂಗಳಿಗೆ ಕುಗ್ಗುತ್ತದೆ ಎಂದೂ ಎಚ್ಚರಿಸುತ್ತದೆ. ಕಾರಣ ಊಹಿಸುವುದು ಕಷ್ಟವಲ್ಲ: ಇಡೀ ಹಿಪ್ಪಲಿಗಿಂತ ಪುಡಿಮಾಡಿದ ಹಿಪ್ಪಲಿಯ ಮೈ ಹಲವು ಪಟ್ಟು ಹೆಚ್ಚು ಗಾಳಿಗೆ ತೆರೆದಿರುತ್ತದೆ. ಘಮ ಹಾರಿಹೋಗುತ್ತದೆ, ತೇವ ಸೇರುತ್ತದೆ. ಇಂದಿನ ಔಷಧ ನಿಯಮ ಚೂರ್ಣಕ್ಕೆ 2 ವರ್ಷ ಕೊಡುತ್ತದೆ. ಗಾಳಿಯಾಡದ ಡಬ್ಬಿಗಳ ಕಾಲದಲ್ಲಿ ಅದು ಮುಚ್ಚಿದ ಡಬ್ಬಿಗೆ ಸಲ್ಲಬಹುದು. ಮುಚ್ಚಳ ತೆಗೆದ ಮೇಲೆ, ಮಲೆನಾಡಿನ ಜುಲೈ ತಿಂಗಳಲ್ಲಿ, ಒದ್ದೆ ಚಮಚ ಇಳಿಬಿಟ್ಟ ತ್ರಿಫಲಾಕ್ಕೆ ನಾನು ಶಾರ್ಙ್ಗಧರನ ಎರಡು ತಿಂಗಳನ್ನೂ ಕೊಡಲಾರೆ. ಆದರೆ ಚೂರ್ಣಕ್ಕೆ ಇನ್ನೊಂದು ಬಲವಿದೆ, ಅನುಪಾನ. ಜೇನು, ತುಪ್ಪ, ಮಜ್ಜಿಗೆ, ಬಿಸಿನೀರು, ಯಾವುದರ ಜೊತೆ ಎನ್ನುವುದು ಅಲ್ಲಿ ಚಿಕಿತ್ಸೆಯ ಭಾಗ. ಹಿಂಗ್ವಾಷ್ಟಕ ಚೂರ್ಣವನ್ನು ತುಪ್ಪ ಕಲಸಿದ ಮೊದಲ ತುತ್ತು ಅನ್ನದ ಜೊತೆ ತಿನ್ನುವವರಿಗೆ ಅದು ಊಟದ ಆರಂಭ. ಮನೆಯಲ್ಲಿ ನಡೆಯುವ ಕೊನೆಯ ಹಂತವನ್ನು ಲೋಪವೆಂದು ನೋಡದೆ, ಅದನ್ನೇ ಶಾಸ್ತ್ರ ಮಾಡಿಕೊಂಡ ಪದ್ಧತಿ ಇದು.

ಹರಳು ರೂಪ ಬಂದದ್ದು ಪುಡಿಯ ಕೆಲವು ಕೊರತೆಗಳನ್ನು ತುಂಬಲು. ಮೈದಾಹಿಟ್ಟಿಗೂ ಚಿರೋಟಿ ರವೆಗೂ ಇರುವ ವ್ಯತ್ಯಾಸ ಗೊತ್ತಿದ್ದವರಿಗೆ ಇದನ್ನು ವಿವರಿಸಬೇಕಿಲ್ಲ: ಒಂದು ಚಮಚಕ್ಕೆ ಅಂಟುತ್ತದೆ, ಗಾಳಿಗೆ ಹಾರುತ್ತದೆ, ಇನ್ನೊಂದು ಸರಸರ ಜಾರುತ್ತದೆ, ಪ್ರತಿ ಚಮಚವೂ ಒಂದೇ ಅಳತೆ. ಎರಡು ಮೂರು ಔಷಧಿ ಬೆರೆಸಿದ ಪುಡಿಯನ್ನು ಲಾರಿಯಲ್ಲಿ ಕುಲುಕುತ್ತಾ ಸಾಗಿಸಿದರೆ ದಪ್ಪ ಕಣ ಮೇಲಕ್ಕೆ, ಸಣ್ಣದು ತಳಕ್ಕೆ ಸರಿದು ಡಬ್ಬಿಯ ಮೇಲ್ಭಾಗಕ್ಕೂ ಕೆಳಭಾಗಕ್ಕೂ ಪ್ರಮಾಣ ಬೇರೆಯಾಗುತ್ತದೆ. ಅಂಟು ಹಾಕಿ ಹರಳುಗಟ್ಟಿಸಿದರೆ ಪ್ರತಿ ಹರಳಿನಲ್ಲೂ ಎಲ್ಲವೂ ಕೂಡಿಕೊಂಡಿರುತ್ತವೆ. ಕಹಿಗೆ ಲೇಪ ಹಚ್ಚಬಹುದು, ಹೊಟ್ಟೆಯ ಆಮ್ಲಕ್ಕೆ ಬಗ್ಗದಂತೆಯೂ ಮಾಡಬಹುದು. ಅದಕ್ಕೆ ತೆರಬೇಕಾದ ಬೆಲೆ ಉಂಟು. ಲೇಪವಿರುವ ಹರಳನ್ನು ಜಗಿದರೆ ಲೇಪದ ಕೆಲಸ ಕೆಟ್ಟಿತು. ಮಾರುಕಟ್ಟೆಯ ಎಷ್ಟೋ ಆಯುರ್ವೇದ ಗ್ರ್ಯಾನ್ಯೂಲ್‌ಗಳಲ್ಲಿ ಅಂಟೂ ಸಿಹಿಯೂ ಆಗಿ ನಿಂತಿರುವುದು ಸಕ್ಕರೆ. ಮಧುಮೇಹಿಗಳು ಲೇಬಲ್ ತಿರುಗಿಸಿ ನೋಡಬೇಕು.

ಹರಳಿನ ಮೇಲೆ ಒಂದು ಇಡೀ ದೇಶ ಭರವಸೆ ಇಟ್ಟಿರುವುದನ್ನು ನೋಡಬೇಕಾದರೆ ಜಪಾನಿನ ಕಡೆ ತಿರುಗಬೇಕು. ಅಲ್ಲಿ ಆಸ್ಪತ್ರೆಯ ಔಷಧಾಲಯಗಳಲ್ಲಿ ಪುಡಿಯನ್ನು ತೂಗಿ, ಸಮಪಾಲು ಮಾಡಿ, ರೋಗಿಯ ಹೆಸರು ಮತ್ತು ಹೊತ್ತು ಅಚ್ಚಾದ ಪುಟ್ಟ ಸ್ಯಾಶೆಗಳಲ್ಲಿ ತುಂಬುವ ಯಂತ್ರಗಳಿವೆ. ಕಾಂಪೊ ಎಂಬ ಅವರ ಗಿಡಮೂಲಿಕೆ ಕಷಾಯಗಳು 1976ರಿಂದ ದೊಡ್ಡ ಪ್ರಮಾಣದಲ್ಲಿ ಸರ್ಕಾರಿ ಆರೋಗ್ಯವಿಮೆಯೊಳಗೆ ಬಂದವು, ಬಹುಪಾಲು ಗ್ರ್ಯಾನ್ಯೂಲ್ ರೂಪದಲ್ಲಿ. ಕಹಿ ತಡೆಯದವರಿಗೆ ಒಬ್ಲಾಟೋ ಎಂಬ ತೆಳು ಪಿಷ್ಟದ ಹಾಳೆ ಸಿಗುತ್ತದೆ. ಪುಡಿಯನ್ನು ಅದರಲ್ಲಿ ಸುತ್ತಿ ನೀರಿಗದ್ದಿ ನುಂಗುವುದು. ನಮ್ಮ ಪರದೆಯ ಹಿಂದಿನ ಕಾಂಪೌಂಡರನ ಕೆಲಸವೇ ಇದು, ಆದರೆ ತಕ್ಕಡಿ ನಿಖರ, ಪೊಟ್ಟಣಕ್ಕೆ ಹೆಸರು. ಪುಡಿಯ ಮೇಲಿನ ಅರ್ಧದಷ್ಟು ದೂರು ಪುಡಿಯದ್ದಲ್ಲ, ಅದನ್ನು ಕಟ್ಟಿಕೊಡುವ ವ್ಯವಸ್ಥೆಯದ್ದು ಎಂದು ನನಗೆ ಅನ್ನಿಸುವುದು ಇಲ್ಲಿ. ಆದರೆ ಆ ಯಂತ್ರಕ್ಕೂ, ಅದರ ಮುಂದೆ ನಿಲ್ಲುವ ಫಾರ್ಮಸಿಸ್ಟನಿಗೂ ಹಣ ಬೇಕು. ಅದಿಲ್ಲದ ಕಡೆ ಬೇರೆ ಉತ್ತರ ಹುಡುಕಬೇಕು.

ವಿಶ್ವ ಆರೋಗ್ಯ ಸಂಸ್ಥೆ ಹುಡುಕಿದ ಉತ್ತರ ನೀರಿನಲ್ಲಿ ಒಡೆದು ಹರಡುವ ಮಾತ್ರೆ. 2008ರಲ್ಲಿ ಅದು ಮಕ್ಕಳ ಔಷಧಿಗೆ ದ್ರವಕ್ಕಿಂತ ಇಂಥ ಘನರೂಪಗಳು ಮೇಲು ಎಂಬ ನಿಲುವಿಗೆ ಬಂತು. ನ್ಯುಮೋನಿಯಾಕ್ಕೆ 250 ಮಿ.ಗ್ರಾಂ ಅಮಾಕ್ಸಿಸಿಲಿನ್ ಮಾತ್ರೆ, ಭೇದಿಗೆ 20 ಮಿ.ಗ್ರಾಂ ಝಿಂಕ್ ಮಾತ್ರೆ, ಮಕ್ಕಳ ಕ್ಷಯಕ್ಕೆ 2015ರ ಕೊನೆಗೆ ಬಂದ ರಿಫಾಂಪಿಸಿನ್, ಐಸೋನಿಯಾಝಿಡ್, ಪೈರಝಿನಮೈಡ್ ಒಂದಾದ ಮಾತ್ರೆ. ಒಂದು ಚಮಚ ನೀರಿನಲ್ಲಿ ಇಟ್ಟರೆ ಕಣ್ಣೆದುರೇ ಒಡೆದು ಪುಡಿಯಾಗುತ್ತದೆ. ನೀರಿಗೆ ಅಳತೆ ಬೇಡ, ಫ್ರಿಜ್ ಬೇಡ, ಅಲುಗಾಡಿಸುವ ಗೊಡವೆಯಿಲ್ಲ. ಇವತ್ತಿನ ಮಾತ್ರೆ ಇವತ್ತಿಗೆ. ನನ್ನ ತೂಕದಲ್ಲಿ ಡ್ರೈ ಸಿರಪ್ ಇದರೆದುರು ಸೋಲುತ್ತದೆ, ಅದರಲ್ಲೂ ಫ್ರಿಜ್ ಇಲ್ಲದ ಮನೆಯಲ್ಲಿ. ಆದರೆ ಆರು ತಿಂಗಳ ಕೂಸಿಗೆ ಮಾತ್ರೆಯ ಮುಕ್ಕಾಲು ಬೇಕೆಂದಾಗ ಏನು ಮಾಡುವುದು? ಸಿರಿಂಜಿನಲ್ಲಿ 3.5 ಮಿ.ಲೀ ಎಳೆಯುವಷ್ಟು ಸೂಕ್ಷ್ಮ ಮಾತ್ರೆಯಲ್ಲಿ ಬರುವುದಿಲ್ಲ. ರುಚಿಯಲ್ಲೂ ಸಿರಪ್‌ಗೇ ಗೆಲುವು. ಮಗು ಉಗಿದ ಮಾತ್ರೆ ಎಷ್ಟು ವೈಜ್ಞಾನಿಕವಾಗಿದ್ದರೂ ಹೊಟ್ಟೆಗೆ ಸೇರದ ಮಾತ್ರೆಯೇ. ಶಿಶುತಜ್ಞರು ಇಂದಿಗೂ ಚೀಟಿಯಲ್ಲಿ ಡ್ರೈ ಸಿರಪ್ ಬರೆಯುವುದು ಬರೀ ಅಭ್ಯಾಸಬಲದಿಂದಲ್ಲ.

ಓಆರ್‌ಎಸ್ ಬಗ್ಗೆ ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು. ಪುಡಿಯ ದೊಡ್ಡ ಗೆಲುವೂ ದೊಡ್ಡ ಎಡವಟ್ಟೂ ಇದರಲ್ಲೇ ಇದೆ.

1971. ಪೂರ್ವ ಪಾಕಿಸ್ತಾನದ ಯುದ್ಧ ತಪ್ಪಿಸಿಕೊಂಡು ಬಂದ ನಿರಾಶ್ರಿತರಿಂದ ಪಶ್ಚಿಮ ಬಂಗಾಳದ ಬನಗಾಂವ್ ತುಂಬಿತ್ತು, ಕಾಲರಾ ಹಬ್ಬಿತ್ತು. ರಕ್ತನಾಳಕ್ಕೆ ಕೊಡುವ ಸಲೈನ್ ಮುಗಿಯುತ್ತಾ ಬಂದಿತ್ತು. ಡಾ. ದಿಲೀಪ್ ಮಹಲನಬೀಸ್ ಅವರ ತಂಡ ಲೀಟರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡಾದ ಲೆಕ್ಕದಲ್ಲಿ ಪುಡಿ ತೂಗಿ ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿತು. ಡ್ರಮ್ಮುಗಳಲ್ಲಿ ನೀರಿಗೆ ಕದಡಿ, ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿತು. ಶೇ 30ರವರೆಗೆ ಏರಿದ್ದ ಸಾವು ಅವರ ಆರೈಕೆಯಲ್ಲಿದ್ದವರಲ್ಲಿ ಶೇ 3.6ಕ್ಕೆ ಇಳಿಯಿತು. ಮಹಲನಬೀಸ್ 2022ರಲ್ಲಿ ತೀರಿಕೊಂಡರು. ಪದ್ಮವಿಭೂಷಣ ಮರುವರ್ಷ ಬಂತು. ಆ ಶಿಬಿರಕ್ಕೆ ಸಿದ್ಧ ದ್ರಾವಣವನ್ನು ಬಾಟಲಿಗಳಲ್ಲಿ ತರಬೇಕಾಗಿದ್ದರೆ ಟನ್ನುಗಟ್ಟಲೆ ನೀರನ್ನೇ ಲಾರಿಯಲ್ಲಿ ಹೇರಬೇಕಾಗುತ್ತಿತ್ತು. ನೀರನ್ನು ಬಿಟ್ಟು ಔಷಧಿಯನ್ನು ಮಾತ್ರ ಸಾಗಿಸಿದ್ದು ಅಲ್ಲಿನ ಉಪಾಯ, ಅದು ಪುಡಿಗೆ ಮಾತ್ರ ಸಾಧ್ಯವಾಗಿದ್ದ ಉಪಾಯ.

ಪುಡಿ ಅಲ್ಲಿಗೇ ನಿಲ್ಲಲಿಲ್ಲ. ಸೋಡಾ ಇದ್ದ ಪೊಟ್ಟಣ ಸೆಖೆಯಲ್ಲಿ, ತೇವದಲ್ಲಿ ಕಂದಾಗಿ ಗಟ್ಟಿಕಟ್ಟುತ್ತಿತ್ತು. 1984ರಲ್ಲಿ ಅದರ ಜಾಗಕ್ಕೆ ಸಿಟ್ರೇಟ್ ಬಂತು. 2002ರ ಹೊತ್ತಿಗೆ ಉಪ್ಪು, ಸಕ್ಕರೆ ಎರಡನ್ನೂ ತಗ್ಗಿಸಿದ ಈಗಿನ ಸೂತ್ರ ಬಂತು: ಲೀಟರಿಗೆ 2.6 ಗ್ರಾಂ ಸೋಡಿಯಂ ಕ್ಲೋರೈಡ್, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಟ್ರೈಸೋಡಿಯಂ ಸಿಟ್ರೇಟ್. ಒಟ್ಟು 20.5 ಗ್ರಾಂ, ಮತ್ತು ಒಂದು ಲೀಟರ್ ನೀರು. ಆ ಒಂದು ಲೀಟರ್ ಎನ್ನುವುದರಲ್ಲೇ ಎಡವಟ್ಟು. ಅಂಗಡಿಯಲ್ಲಿ ಲೀಟರಿನ ದೊಡ್ಡ ಸ್ಯಾಶೆಯೂ ಸಿಗುತ್ತದೆ, 200 ಮಿ.ಲೀ.ಗೆ ಸರಿಯಾದ ಸುಮಾರು 4 ಗ್ರಾಂನ ಚಿಕ್ಕದೂ ಸಿಗುತ್ತದೆ. ದೊಡ್ಡದನ್ನು ಒಂದು ಲೋಟಕ್ಕೆ ಸುರಿದರೆ ಐದು ಪಟ್ಟು ಗಡಸು ಉಪ್ಪುನೀರು. ಬಳಲಿದ ಮಗುವಿನ ರಕ್ತದಲ್ಲಿ ಸೋಡಿಯಂ ಅಪಾಯದ ಮಟ್ಟಕ್ಕೆ ಏರಬಹುದು. ಚಿಕ್ಕದನ್ನು ಬಿಂದಿಗೆಗೆ ಹಾಕಿದರೆ ಬರಿಯ ನೀರು. ಒಂದೇ ಸ್ಯಾಶೆಯನ್ನು ಚಮಚ ಚಮಚವಾಗಿ ‘ಉಳಿಸಿ’ ಬಳಸುವವರೂ ಇದ್ದಾರೆ.

ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆ ಈ ಪೊಟ್ಟಣವನ್ನೇ ಬದಿಗಿಟ್ಟು 1980ರಿಂದ ಹತ್ತು ವರ್ಷ ಮನೆಮನೆಗೆ ಹೋಗಿ ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು ಎಂದು ತಾಯಂದಿರಿಗೆ ಕಲಿಸಿತು. ಕಲಿಸಲು ಹೋದ ಹೆಂಗಸರಿಗೆ ಸಂಬಳ ನಿಗದಿಯಾಗುತ್ತಿದ್ದುದು ತಾಯಂದಿರಿಗೆ ಪಾಠ ಎಷ್ಟು ನೆನಪಿದೆ ಎಂಬುದರ ಮೇಲೆ. ಒಂದು ಕೋಟಿಗೂ ಹೆಚ್ಚು ಮನೆಗಳನ್ನು ಮುಟ್ಟಿದ ಈ ಕೆಲಸ ನನಗೆ ಪೊಟ್ಟಣದಷ್ಟೇ ದೊಡ್ಡದಾಗಿ ಕಾಣುತ್ತದೆ. ಆದರೂ ಚಿಟಿಕೆ ಚಿಟಿಕೆಯೇ. ಬೆರಳು ದಪ್ಪವಿದ್ದಂತೆ ಉಪ್ಪು, ಬೆಲ್ಲ ತೀರಿದ ತಿಂಗಳಲ್ಲಿ ಏನೂ ಇಲ್ಲ.

ಇನ್ನೊಂದು ತುದಿಯಲ್ಲಿ ಸಿದ್ಧ ಪಾನೀಯದ ಟೆಟ್ರಾಪ್ಯಾಕ್. ಸ್ಟ್ರಾ ಚುಚ್ಚಿದರೆ ಮುಗಿಯಿತು, ಅಳತೆಯ ತಪ್ಪಿಗೆ ಎಡೆಯೇ ಇಲ್ಲ. ವಾದವಾಗಿ ಇದು ಗಟ್ಟಿ. ಆದರೆ ನಮ್ಮ ಅಂಗಡಿಗಳಲ್ಲಿ ವರ್ಷಗಟ್ಟಲೆ ಓಆರ್‌ಎಸ್ ಎಂಬ ಅಕ್ಷರಗಳನ್ನು ಹೆಸರಿನಲ್ಲಿ ಹೊತ್ತು ಮಾರಾಟವಾದ ಎಷ್ಟೋ ಪಾನೀಯಗಳು ಆ ಸೂತ್ರದವಾಗಿರಲಿಲ್ಲ; ಸಕ್ಕರೆ ಎಷ್ಟೋ ಪಟ್ಟು ಹೆಚ್ಚು, ಉಪ್ಪು ಕಡಿಮೆ. ಭೇದಿಯಾದ ಮಗುವಿಗೆ ಅತಿಸಿಹಿ ಕೊಟ್ಟರೆ ಕರುಳು ಇನ್ನಷ್ಟು ನೀರು ಸುರಿಸುತ್ತದೆ. ಹೈದರಾಬಾದಿನ ಶಿಶುತಜ್ಞೆ ಶಿವರಂಜನಿ ಸಂತೋಷ್ ಹಲವು ವರ್ಷ ಇದರ ಬೆನ್ನು ಹತ್ತಿದರು. 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ, ಸೂತ್ರಕ್ಕೆ ಹೊಂದದ ಪಾನೀಯಗಳ ಹೆಸರಿನಲ್ಲಿ ಆ ಮೂರು ಅಕ್ಷರ ಕೂಡದೆಂದು ಆದೇಶಿಸಿತು. ಸೂತ್ರಕ್ಕೆ ಹೊಂದುವ ಸಿದ್ಧ ದ್ರಾವಣಗಳೂ ಇವೆ. ರೈಲಿನಲ್ಲಿ, ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ, ನೀರಿನ ಮೇಲೆ ನಂಬಿಕೆಯಿಲ್ಲದ ಕಡೆ ಅವೇ ವಾಸಿ ಎಂದು ನಾನು ಒಪ್ಪುತ್ತೇನೆ.

ಮನೆಯ ಮಾತು ಬಂದಾಗ ಮಾತ್ರ ನನ್ನ ಮತ ಪೊಟ್ಟಣಕ್ಕೆ. ಆಶಾ ಕಾರ್ಯಕರ್ತೆ ಚೀಲದಲ್ಲಿ ಹತ್ತಾರು ಮನೆಗಾಗುವಷ್ಟು ಹೊತ್ತೊಯ್ಯಬಹುದಾದದ್ದು ಅದನ್ನು ಮಾತ್ರ. ಲೀಟರಿನ ಅಳತೆ ಎಂಬ ಹಳೆಯ ತಕರಾರು ಕೂಡ ಮೊದಲಿನಷ್ಟು ಬಲವಾಗಿ ಉಳಿದಿಲ್ಲ. ಒಂದು ಲೀಟರಿನ ಖಾಲಿ ನೀರಿನ ಬಾಟಲಿ ಇಲ್ಲದ ಮನೆ ಈಗ ಅಪರೂಪ, ಹೊಲದ ಬದುವಿನಲ್ಲೂ ಅದು ಬಿದ್ದಿರುತ್ತದೆ. ಸ್ಯಾಶೆಯ ಮುಖದ ಮೇಲಿನ ಕಿತ್ತಳೆ ಹಣ್ಣಿನ ಚಿತ್ರ ತೆಗೆದು, ಆ ಜಾಗದಲ್ಲಿ ದೊಡ್ಡ ಸ್ಯಾಶೆಗೆ ಒಂದು ಬಾಟಲಿಯನ್ನೂ ಚಿಕ್ಕದಕ್ಕೆ ಒಂದು ಲೋಟವನ್ನೂ ಬರೆಯಲು ಕಂಪನಿಗಳಿಗೆ ಹೆಚ್ಚಿನ ಶಾಯಿಯೂ ಖರ್ಚಾಗುವುದಿಲ್ಲ.